ಪೆಡಲಿಗೆ ಒಡೆದ ಕಾಯಿ

ಬೈಲಹೊಂಗಲದ ನಮ್ಮ ಓಣಿಯಲ್ಲಿ ಯಾರ ಮನೆಗೆ ಹೊಸ ಸಾಮಾನು ಬಂದರೂ ಅದಕ್ಕೆ ಕಾಯಿ ಒಡೆಯುವ ಹಕ್ಕು ಮುದುಕಿ ಶಟ್ಟೆವ್ವಾಯಿಯದು. ಈ ಹಕ್ಕನ್ನು ಆಕೆಗೆ ಕೊಟ್ಟವರು ಯಾರು ಅಂತ ಕೇಳಬೇಡಿ, ಯಾರೂ ಕೊಟ್ಟಿಲ್ಲ. ಲೂನಾ ಬಂದಾಗ ಒಡೆದಳು, ಟ್ರ್ಯಾಕ್ಟರ್ ಬಂದಾಗ ಒಡೆದಳು, ಬಣ್ಣದ ಟೀವಿ ಬಂದಾಗ ಕರೆಯುವ ಮೊದಲೇ ಬಂದು ಒಡೆದಳು. ಆಕೆಯ ಶಾಸ್ತ್ರ ಸರಳ. ಇಟ್ಟಲ್ಲೇ ಇರುವ ಸಾಮಾನಿಗೆ ಕುಂಕುಮ ಹಚ್ಚಿ ಕಾಯಿ ಒಡೆದರೆ ಮುಗಿಯಿತು. ಕಾಲಿನಿಂದ ತುಳಿದು ನಡೆಸುವಂಥದ್ದು ಗಾಡಿಯ ಜಾತಿ, ಅದರ ಮೇಲೆ ಕಾಯಿಯ ನೀರು ಬೀಳಲೇಬೇಕು. ನಿಂಗರಾಜ ಹುಟ್ಟಿದಾಗಿನಿಂದ ಇದನ್ನು ನೋಡುತ್ತಲೇ ಬಂದವನು. ಆದರೂ ಆ ಶುಕ್ರವಾರ ಅದು ಅವನ ತಲೆಗೆ ಹೊಳೆಯಲಿಲ್ಲ.

ನಿಂಗರಾಜ ಸಂಗಪ್ಪನ ಗಾನತರಂಗ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಮದುವೆ, ಗಣೇಶೋತ್ಸವ, ಕಾಲೇಜಿನ ಗ್ಯಾದರಿಂಗು ಅಂತ ಸುತ್ತಲಿನ ಊರುಗಳಲ್ಲೆಲ್ಲ ಅವರದೇ ಕಾರ್ಯಕ್ರಮ. ಅವನಿಗೆ ಬರುತ್ತಿದ್ದ ವಿದ್ಯೆ ಅದೊಂದೇ, ಮಾಡಬೇಕೆಂದು ಆಸೆ ಇದ್ದದ್ದೂ ಅದೊಂದೇ. ಹೀಗಿರುವಾಗ ಹುಬ್ಬಳ್ಳಿಯಿಂದ ಮಧು ಎಂಬವನು ಕೀಬೋರ್ಡ್ ಹಿಡಿದುಕೊಂಡು ಬಂದ. ಅದರಲ್ಲಿ ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಶಹನಾಯಿ, ಮತ್ತೊಂದು ಒತ್ತಿದರೆ ಗಿಟಾರ್. ಸಂಗಪ್ಪ ಆ ಗಿಟಾರಿನ ಗುಂಡಿಯನ್ನೇ ಬಹಳ ಹೊತ್ತು ನೋಡಿದ. ಆಮೇಲೆ ನಿಂಗರಾಜನನ್ನು ಬದಿಗೆ ಕರೆದು, ಶುಕ್ರವಾರ ದೇಸಾಯರ ಮನೆಯ ಮದುವೆಯಲ್ಲಿ ಆ ಪೆಟ್ಟಿಗೆಯೊಳಗೆ ಇಲ್ಲದ ದನಿ ಏನಾದರೂ ಕೇಳಿಸಿದರೆ ನೀನು ಇರು, ಇಲ್ಲದಿದ್ದರೆ ಅವನೊಬ್ಬನೇ ಸಾಕು ಅಂದ. ಸಂಗಪ್ಪ ಕೆಟ್ಟವನಲ್ಲ. ಅವನ ಜೀಪಿನಲ್ಲಿ ಜಾಗ ಕಡಿಮೆ ಇತ್ತು, ಅಷ್ಟೇ.

ಇಲ್ಲದ ದನಿ ಸಿಗುವ ಜಾಗ ಒಂದೇ, ಸವದತ್ತಿಯ ತ್ರ್ಯಂಬಕ ಮಾಸ್ತರರ ಪಡಸಾಲೆ. ಮೊದಲು ರೇಡಿಯೋ ದುರಸ್ತಿ ಮಾಡುತ್ತಿದ್ದ ಮಾಸ್ತರರು ಈಗ ಗಿಟಾರಿನ ಪೆಡಲ್ ಮಾಡುತ್ತಿದ್ದರು. ಊಟದ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ ಅದು. ಗಿಟಾರಿನ ವಾಯರನ್ನು ಅದರ ಮೂಲಕ ಹಾಯಿಸಿ, ಮೇಲಿನ ಗುಂಡಿಯನ್ನು ಕಾಲಿನಿಂದ ಒತ್ತಿದರೆ ತೆಳ್ಳಗಿನ ನಾದ ದಪ್ಪಗಾಗಿ, ಉದ್ದವಾಗಿ, ಝೇಂಕರಿಸುತ್ತ ಹೊರಗೆ ಬರುತ್ತಿತ್ತು. ಒಂದು ಸಲಕ್ಕೆ ಬೆರಳೆಣಿಕೆಯಷ್ಟೇ ಮಾಡುತ್ತಿದ್ದರು. ಮಾರುವ ದಿನವನ್ನು ಪಂಚಾಂಗ ನೋಡಿ ಇಡುತ್ತಿದ್ದರು, ಆ ಸಲದ ಸಾಮಾನಿಗೆಲ್ಲ ಒಂದೇ ನಕ್ಷತ್ರದ ಹೆಸರು. ಮುಗಿದರೆ ಮುಗಿಯಿತು, ಅಂಥದ್ದನ್ನು ಮತ್ತೆ ಮಾಡುತ್ತಿರಲಿಲ್ಲ. ಈ ಸಲದ್ದು ‘ಸ್ವಾತಿ’, ಮಾರಾಟ ಶುಕ್ರವಾರ ಬೆಳಿಗ್ಗೆ ಎಂಬ ಸುದ್ದಿ ಬಸ್ಸಿನ ಕಂಡಕ್ಟರೊಬ್ಬನಿಂದ ನಿಂಗರಾಜನಿಗೆ ತಲುಪಿತು.

ಶುಕ್ರವಾರ ಸವದತ್ತಿಯ ಬಸ್ಸು ಹತ್ತುವುದೆಂದರೆ ಹುಡುಗಾಟವಲ್ಲ. ಯಲ್ಲಮ್ಮನಿಗೆ ಹೊರಟವರು ಬುಟ್ಟಿ, ಕೊಡ, ಮೊಮ್ಮಕ್ಕಳ ಸಮೇತ ತುಂಬಿದ್ದರು. ಗಿಟಾರನ್ನು ಎದೆಗವಚಿಕೊಂಡು ನಿಂತ ನಿಂಗರಾಜನನ್ನು ನೋಡಿ ಒಬ್ಬ ಮುದುಕಿ ಕೈಮುಗಿದು, ಸುಮ್ಮನೆ ಯಾಕೆ ನಿಂತಿ, ತಾಯಿಯ ಒಂದು ಪದ ಹಾಡು ಅಂದಳು. ತನಗೆ ಹಾಡು ಬರುವುದಿಲ್ಲ ಅಂದದ್ದಕ್ಕೆ ಹಾಗಾದರೆ ಇಷ್ಟು ದೊಡ್ಡದನ್ನು ಯಾಕೆ ಹೊತ್ತಿ ಅಂತ ಬೈದಳು. ಇಳಿಯುವ ನೂಕಾಟದಲ್ಲಿ ಅವನ ಎರಡೂ ಚಪ್ಪಲಿ ಕಾಲು ಬಿಟ್ಟು ಯಾರದೋ ಕಾಲಿನ ಕೆಳಗೆ ಹೋದವು. ಹುಡುಕುತ್ತ ಕೂತರೆ ಪೆಡಲ್ ತಪ್ಪುತ್ತದೆ ಅಂತ ಬರಿಗಾಲಲ್ಲೇ ಓಡಿದ.

ಮಾಸ್ತರರ ಮನೆಯ ಮುಂದೆ ಹುಬ್ಬಳ್ಳಿಯವರು, ಗದಗಿನವರು, ಕೊಲ್ಲಾಪುರದವರು ಪಾಳಿ ಹಚ್ಚಿದ್ದರು. ಎಲ್ಲರ ಹಿಂದೆ ನಿಂಗರಾಜ. ರಾಹುಕಾಲ ಹಿಡಿಯುವ ಮೊದಲೇ ಎಲ್ಲ ಮುಗಿಯಬೇಕೆಂದು ಮಾಸ್ತರರು ಬಾಗಿಲು ತೆರೆದರು. ಒಬ್ಬೊಬ್ಬರೇ ಒಳಗೆ ಹೋಗಿ, ಮಾಸ್ತರರ ಎದುರು ನುಡಿಸಿ ತೋರಿಸಿ, ಪೆಡಲ್ ತೆಗೆದುಕೊಂಡು ಹೊರಗೆ ಬಂದರು. ಕೊನೆಗೆ ಉಳಿದದ್ದು ಒಂದೇ ಪೆಡಲ್, ಇದ್ದವರು ಇಬ್ಬರು. ನಿಂಗರಾಜನ ಮುಂದಿದ್ದ ಕೊಲ್ಲಾಪುರದ ಬೂಟಿನವನು ಒಳ್ಳೆಯ ಕೈಯವನೇ. ಆದರೆ ಬೂಟುಗಾಲಲ್ಲೇ ಪೆಡಲ್ ಒತ್ತಿಬಿಟ್ಟ. ಮಾಸ್ತರರು ಎದ್ದು ಅವನಿಗೊಂದು ಲೋಟ ನೀರು ಕೊಟ್ಟು, ಬಸ್ ನಿಲ್ದಾಣದ ದಾರಿ ಹೇಳಿದರು. ಆಮೇಲೆ ನಿಂಗರಾಜನ ಬರಿಗಾಲನ್ನು ನೋಡಿದರು. ಅವರ ಮುಖ ಅರಳಿತು.

“ಸಂಸ್ಕಾರ ಅಂದ್ರ ಇದು,” ಅಂದರು. “ತಗೋರಿ. ಆದ್ರ ನೆನಪಿಡ್ರಿ, ಒಬ್ಬರಿಗೆ ಒಂದ. ಈ ಜನ್ಮಕ್ಕ ಒಂದ. ಹಿಂದಕ ಒಬ್ಬ ಅಂಗಡಿಯವ ಎಲ್ಲಾ ಚೀಲಕ್ಕ ತುಂಬಿಕೊಂಡು ಹೋಗಿ ತನ್ನ ಅಂಗಡ್ಯಾಗ ಮಾರಿಕೊಂಡ. ಅವತ್ತಿನಿಂದ ಈ ನಿಯಮ ಮಾಡೀನಿ.”

ಇವತ್ತೇ ದೇಸಾಯರ ಮನೆಯ ಮದುವೆಯಲ್ಲಿ ನುಡಿಸುತ್ತೇನೆ ಅಂತ ನಿಂಗರಾಜ ಹೇಳಿದಾಗ ಮಾಸ್ತರರಿಗೆ ಇನ್ನೂ ಸಂತೋಷವಾಯಿತು. ದೇಸಾಯರು ಅವರ ಹಳೆಯ ಗಿರಾಕಿ, ಅವರಿಗೂ ಕರೆ ಇತ್ತು. ಬರುತ್ತೇನೆ, ನನ್ನ ಸ್ವಾತಿಯ ದನಿ ಕೇಳಿಯೇ ಊಟಕ್ಕೆ ಕೂರುತ್ತೇನೆ ಅಂದರು.

ಮಧ್ಯಾಹ್ನ ನಿಂಗರಾಜ ಓಣಿಗೆ ಬಂದಾಗ ಅವನ ತಾಯಿ ಗುರವ್ವ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು, ಪಕ್ಕದಲ್ಲಿ ಶಟ್ಟೆವ್ವಾಯಿ. ಪೆಡಲ್ ತೋರಿಸಿ, ಇದನ್ನು ಹೀಗೆ ತುಳಿಯುವುದು ಅಂತ ಅವನು ಹೇಳಿದ್ದೇ ತಪ್ಪಾಯಿತು. ಬಾಜಾ ಬಜಂತ್ರಿಯ ಸಾಮಾನನ್ನು ಕಾಲಿನಿಂದ ತುಳಿಯುವುದೇ ಅಂತ ಗುರವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು.

“ತುಳೀಲಿ ಬಿಡ ಗುರವ್ವಾ,” ಅಂದಳು ಶಟ್ಟೆವ್ವಾಯಿ. “ಪೂಜಿ ಮಾಡಿ ತುಳಿದ್ರ ಸರಸ್ವತಿ ಏನೂ ಅನ್ನೂದಿಲ್ಲ. ನಿಂಗ್ಯಾ, ಒಳಗಿಂದ ಊದಿನಕಡ್ಡಿ ತಗೊಂಡ ಬಾ.”

ಹೊತ್ತಾಗುತ್ತದೆ ಅಂತ ನಿಂಗರಾಜ ಗೊಣಗಿದ. ಆದರೆ ತಾಯಿಯ ಸಮಾಧಾನಕ್ಕೆ ಒಳಗೆ ಹೋದ. ಊದಿನಕಡ್ಡಿ ದೇವರ ಜಗಲಿಯ ಮೇಲೆ ಇರಲಿಲ್ಲ, ಅಡಿಗೆಮನೆಯಲ್ಲಿ ಸಿಕ್ಕಿತು. ಹೊರಗೆ ಬರುವಷ್ಟರಲ್ಲಿ ಕಾಯಿ ಒಡೆದಾಗಿತ್ತು. ಸ್ವಾತಿಯ ಮೈಗೆ ವಿಭೂತಿ, ಕುಂಕುಮ, ಒಂದು ಸೇವಂತಿಗೆ ಹೂವು. ಶಟ್ಟೆವ್ವಾಯಿ ಎರಡೂ ಹೋಳು ಎತ್ತಿ ಹಿಡಿದು ಲೂನಾದ ಗಾಲಿಗೆ ಹೊಯ್ದ ಹಾಗೆಯೇ ನೀರು ಹೊಯ್ಯುತ್ತಿದ್ದಳು. ಒಳ್ಳೆಯ ಬಲಿತ ಕಾಯಿ, ನೀರೂ ಬಹಳ ಇತ್ತು. ಗುಂಡಿಯ ಸಂದಿಯಿಂದ ಅದು ಗಟಗಟ ಒಳಗಿಳಿಯಿತು.

ನಿಂಗರಾಜನಿಗೆ ಅಳು ಬಂತು. ದೊಡ್ಡವರ ಮುಂದೆ ಅಳಬಾರದು ಅಂತ ಪೆಡಲನ್ನು ಬೋರಲು ಹಿಡಿದು ಜಾಡಿಸಿದ. ಆಗ ಓಣಿಯೆಲ್ಲ ಸಹಾಯಕ್ಕೆ ಬಂತು, ಅದು ಬಂದ ಮೇಲೆ ಆಗುವುದು ನಿಮಗೆ ಗೊತ್ತೇ ಇದೆ. ಒಬ್ಬರು ಬಿಸಿ ಅಕ್ಕಿಯಲ್ಲಿ ಹುಗಿಯಿರಿ ಅಂದರು, ಒಬ್ಬರು ಇಸ್ತ್ರಿ ಪೆಟ್ಟಿಗೆ ತಂದರು. ಹಿಂದಿನ ಮನೆಯ ಮಾಯವ್ವ, ಬಿಸಿಲಿಗೆ ಇಟ್ಟರೆ ಒಣಗುತ್ತದೆ ಅಂತ ಅವನ ಕೈಯಿಂದ ಕಸಿದುಕೊಂಡು ಹೋಗಿ ತನ್ನ ಮಾಳಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿಯ ನಡುವೆ ಇಟ್ಟಳು. ನಿಂಗರಾಜ ಸೀನುತ್ತ ಅದರ ಪಕ್ಕದಲ್ಲೇ ಕಾವಲು ಕೂತ. ಜೀಪು ಬಂದು ಹಾರ್ನ್ ಹೊಡೆದಾಗ ಪೆಡಲ್ ಮೇಲಿಂದೇನೋ ಒಣಗಿತ್ತು. ಒಳಗಿನದು ಆ ಶಿವನಿಗೇ ಗೊತ್ತು.

ಮಂಟಪದಲ್ಲಿ ಮೊದಲ ಸಾಲಿನಲ್ಲೇ ಮಾಸ್ತರರು ಜರಿ ರುಮಾಲು ಸುತ್ತಿಕೊಂಡು ಕೂತಿದ್ದರು. ಅವರನ್ನು ಕಂಡು ನಿಂಗರಾಜ ಪೆಡಲನ್ನು ಕಾಲ ಹಿಂದಕ್ಕೆ ಸರಿಸಿದ. ಮೊದಲೆರಡು ಹಾಡು ಪೆಡಲ್ ಮುಟ್ಟದೆ ದಾಟಿಸಿದ. ಸಂಗಪ್ಪ ಕಣ್ಣಲ್ಲೇ ಕೇಳಿದ, ಎಲ್ಲಿದೆ ಆ ದನಿ? ಮೂರನೆಯ ಹಾಡಿನ ನಡುವೆ, ಆದದ್ದಾಗಲಿ ಅಂತ ನಿಂಗರಾಜ ಚಪ್ಪಲಿ ಇಲ್ಲದ ಕಾಲನ್ನು ಇಟ್ಟು ಒತ್ತಿದ.

ಅಂಥ ದನಿಯನ್ನು ಬೈಲಹೊಂಗಲ ಅಲ್ಲಿಯವರೆಗೆ ಕೇಳಿರಲಿಲ್ಲ. ಮದುವೆಗೆ ಕರೆಯದೆ ಬಿಟ್ಟ ಬೀಗರು ಬಾಗಿಲಿಗೆ ಬಂದು ಅಳುತ್ತ ಅಳುತ್ತಲೇ ಜಗಳ ತೆಗೆದ ಹಾಗಿತ್ತು ಅದು. ನಡುನಡುವೆ ಗುಳು ಗುಳು, ಮತ್ತೆ ಗದ್ಗದ. ಊಟಕ್ಕೆ ಎದ್ದಿದ್ದವರು ನಿಂತರು. ಹೆಣ್ಣಿನ ಕಡೆಯ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾಡು ಮುಗಿದಾಗ ಅದನ್ನೇ ಇನ್ನೊಮ್ಮೆ ಅಂತ ಗಂಡು ಹೆಣ್ಣು ಎರಡೂ ಕಡೆಯವರು ಕೂಗಿದರು. ಮಾಸ್ತರರು ಮಾತ್ರ ಎರಡೂ ಕೈ ತಲೆಯ ಮೇಲಿಟ್ಟು ಕೂತಿದ್ದರು.

ಆಮೇಲೆ ಆರ್ಕೆಸ್ಟ್ರಾದವರು ನುಡಿಸಿದ್ದೆಲ್ಲ ಆ ದನಿಯಲ್ಲೇ. ಕೊನೆಗೆ ಸಂಗಪ್ಪ ಮಧುವನ್ನು ಕರೆದು, ನಿನ್ನ ಪೆಟ್ಟಿಗೆಯಲ್ಲಿ ಇದು ಇದೆಯೇ ಅಂತ ಕೇಳಿದ. ಮಧು ಪ್ರಾಮಾಣಿಕ. ಎಲ್ಲ ಗುಂಡಿ ಒತ್ತಿ ನೋಡಿ ಇಲ್ಲ ಅಂದ.

“ಮುಂದಿನ ವಾರ ಬೆಳಗಾವ್ಯಾಗ ದೊಡ್ಡ ಪ್ರೋಗ್ರಾಮ್ ಐತಿ,” ಅಂತ ಸಂಗಪ್ಪ ನಿಂಗರಾಜನ ಹೆಗಲ ಮೇಲೆ ಕೈ ಇಟ್ಟ. “ಆ ದನಿ ಇದ್ರ ನೀ ಇದ್ದಿ. ಆ ದನಿನ ತಗೊಂಡ ಬಾ. ಬ್ಯಾರೆ ಏನೂ ಬ್ಯಾಡ.”

ನಿಂಗರಾಜ ಅಂದು ಹುಗ್ಗಿಯನ್ನು ಮೂರು ಸಲ ನೀಡಿಸಿಕೊಂಡ. ಪ್ರತಿ ತುತ್ತಿಗೂ ಶಟ್ಟೆವ್ವಾಯಿಯನ್ನು ನೆನೆದ. ಓಣಿಗೆ ಹೋದ ಕೂಡಲೇ ಆಕೆಯ ಕಾಲಿಗೆ ಬೀಳಬೇಕು ಅಂದುಕೊಂಡ, ಹೊಸ ಚಪ್ಪಲಿ ಕೊಳ್ಳಬೇಕು ಅಂದುಕೊಂಡ. ಕೈ ತೊಳೆದು ವೇದಿಕೆಗೆ ಬಂದರೆ ಮಾಸ್ತರರು ಅಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಅವರು ಎಲ್ಲಿಗೆ ಹೋದರೂ ಒಯ್ಯುವ ಚೀಲ, ಸ್ಕ್ರೂ ಡ್ರೈವರು, ಸ್ಪಿರಿಟ್ಟಿನ ಶೀಶೆ. ಊಟ ಬಿಟ್ಟು ದುಡಿದಿದ್ದರು ಪಾಪ, ಧೋತರದ ತುದಿಯೆಲ್ಲ ಕುಂಕುಮ.

“ಇನ್ನ ಚಿಂತಿ ಮಾಡಬ್ಯಾಡ್ರಿ,” ಅಂದರು. “ಒಳಗ ನೀರು ನಿಂತಿತ್ತು. ತೊಳದು, ಒಣಗಿಸಿ, ಹೊಸದರಂಗ ಮಾಡೀನಿ. ಮತ್ತ ಹಂಗ ಆಗಬಾರದು ಅಂತ ಸಂದಿಗೆಲ್ಲ ಪೈಪಿಗೆ ಮೆತ್ತೂ ಕರೀ ಅಂಟು ಮೆತ್ತೀನಿ. ಇನ್ನ ಹೊಳಿಯೊಳಗ ಒಗದ್ರೂ ಹನಿ ನೀರು ಹೋಗೂದಿಲ್ಲ. ಇನ್ನ ಮುಂದ ಎಲ್ಲಾ ಪೆಡಲಿಗೂ ಮೆತ್ತೇ ಕೊಡ್ತೀನಿ.”

ನಿಂಗರಾಜ ಗಿಟಾರ್ ಹಚ್ಚಿ ಗುಂಡಿ ಒತ್ತಿದ. ಸ್ವಚ್ಛವಾದ, ಗಂಭೀರವಾದ, ಮಧುವಿನ ಕೀಬೋರ್ಡಿನೊಳಗಿನ ಗಿಟಾರಿನಂಥದೇ ದನಿ ಬಂತು. ಅವನು ಮಾಸ್ತರರ ಎದುರಿಗೇ ಕೂತ. ಹಳೆಯ ದನಿಯೇ ಬೇಕಿತ್ತು, ಅದರ ಮೇಲೆಯೇ ನನ್ನ ಹೊಟ್ಟೆಪಾಡು ನಿಂತಿದೆ ಅಂತ ಅಳುವ ದನಿಯಲ್ಲಿ ಎಲ್ಲ ಹೇಳಿಕೊಂಡ. ಮಾಸ್ತರರು ಸಮಾಧಾನದಿಂದ ಕೇಳಿದರು. ಕೇಳಿ ಕೇಳಿ ನನಗೂ ಅದು ಮನಸ್ಸಿಗೆ ಹತ್ತಿತು ಅಂದರು. ನೀರು ಎಲ್ಲಿ ನಿಂತಿತ್ತು ಅಂತ ನೋಡಿಟ್ಟಿದ್ದಾರಂತೆ. ಅಲ್ಲಿ ಒಂದು ಸಣ್ಣ ಜೋಡಣೆ ಮಾಡಿದರೆ ನೀರಿಲ್ಲದೆಯೇ ಅದೇ ದನಿ ಬರುತ್ತದಂತೆ. ನಾಲ್ಕು ದಿನದಲ್ಲಿ ಹೊಸ ಪೆಡಲ್ ತರುತ್ತಾರಂತೆ.

ನಿಂಗರಾಜನಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಇದರಲ್ಲೇ ಆ ಜೋಡಣೆ ಮಾಡಿಕೊಡಿ ಅಂದ.

“ಅದು ನನ್ನಿಂದ ಆಗೂದಿಲ್ರಿ. ಕೆಟ್ಟದ್ದು ನೆಟ್ಟಗ ಮಾಡಿಕೊಡ್ತೀನಿ. ನೆಟ್ಟಗಿದ್ದದ್ದು ಕೆಡಸೂದಿಲ್ಲ.”

“ಹಂಗಾರ ಹೊಸಾದರಾಗ ನನಗೊಂದು ತಗದಿಡ್ರಿ, ಮಾಸ್ತರ.”

ಮಾಸ್ತರರು ನಿಜವಾಗಿಯೂ ಮರುಗಿದರು. “ನಿಮಗ ಮುಂಜಾನೆನ ಒಂದು ಕೊಟ್ಟಾಗ್ಯದಲ್ಲಪಾ,” ಅಂದರು. “ಇನ್ನ ಮುಂದಿನ ಜನ್ಮಕ್ಕ.”

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರು. ಮಧು. ಕೀಬೋರ್ಡಿಗೂ ಈ ಪೆಡಲ್ ಹಚ್ಚಬಹುದೇ ಅಂತ ಬಹಳ ವಿನಯದಿಂದ ಕೇಳಿದ. ಅವನು ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದಿದ್ದ. ಮಾಸ್ತರರು ಅವನ ಕಾಲು ನೋಡಿದರು. ಅವರ ಮುಖ ಅರಳಿತು.

ಹೊರಡುವಾಗ ಮಾಸ್ತರರು ನಿಂಗರಾಜನನ್ನು ಕರೆದು, ಕಾಯಿ ಒಡೆದ ಆ ತಾಯಿಯ ಹೆಸರೇನು ಅಂತ ಕೇಳಿದರು. ಈ ಸಲ ನಕ್ಷತ್ರ ಬೇಡ, ಆಕೆಯ ಹೆಸರೇ ಇರಲಿ ಅಂದರು.

ಹೊತ್ತು ಮುಳುಗುವ ಮೊದಲು ನಿಂಗರಾಜ ಓಣಿಗೆ ಬಂದಾಗ ಶಟ್ಟೆವ್ವಾಯಿ ಕಟ್ಟೆಯ ಮೇಲೆ ಅವನದೇ ದಾರಿ ಕಾಯುತ್ತಿದ್ದಳು. ಏನಾಯಿತು ಅಂತ ಕೇಳಿದ್ದಕ್ಕೆ, ಆಯಿ, ನಿನ್ನ ಹೆಸರು ಕೊಲ್ಲಾಪುರದವರೆಗೂ ಹೋಗುತ್ತದೆ ಅಂದ. ಹೊಸ ಪೆಡಲ್ ಮಧುವಿನ ಪಾಲಾದದ್ದನ್ನೂ ಹೇಳಿದ. ಮುದುಕಿಗೆ ತನ್ನ ಹೆಸರಿನ ಸುದ್ದಿ ಕೇಳಿ ಬಾಯಿಯೇ ಮುಚ್ಚಲಿಲ್ಲ.

“ಆ ಹುಬ್ಬಳ್ಳಿ ಹುಡುಗಗ ಹೇಳು,” ಅಂದಳು. “ಹೊಸಾ ಸಾಮಾನ ತಂದ ದಿವಸ ನಮ್ಮ ಓಣಿಗೆ ಬಂದು ಹೋಗಲಿ. ಅದಕ್ಕೂ ಒಂದು ಕಾಯಿ ಒಡದು ಕೊಡತೇನಿ.”

ಪೆಡಲ್ ನೆಟ್ಟಗಾದಾಗಿನಿಂದ ಮೊದಲ ಸಲ ನಿಂಗರಾಜನ ಮುಖದಲ್ಲಿ ನಗೆ ಮೂಡಿತು. ತಪ್ಪದೆ ಹೇಳುತ್ತೇನೆ ಆಯಿ, ನಾನೇ ಕರೆದುಕೊಂಡು ಬರುತ್ತೇನೆ, ಕಾಯಿಯನ್ನೂ ನಾನೇ ತರುತ್ತೇನೆ ಅಂದ. ಹಾಗೆ ಹೇಳುತ್ತಲೇ ಕೈಚೀಲದಿಂದ ಪೆಡಲ್ ತೆಗೆದು ಕಟ್ಟೆಯ ಮೇಲಿಟ್ಟ. ಅದರ ಸಂದಿಯಲ್ಲಿ ಮೆತ್ತಿದ್ದ ಕರಿಯ ಅಂಟು ಅವನ ಬೆರಳಿಗೆ ಹತ್ತಿತು, ಇನ್ನು ಮುಂದೆ ಎಲ್ಲ ಪೆಡಲಿಗೂ ಮೆತ್ತೇ ಕೊಡುತ್ತೇನೆ ಅಂತ ಮಾಸ್ತರರು ಹೇಳಿದ್ದ ಅದೇ ಅಂಟು.