ಗಾಳಿಯಲ್ಲಿ ನಿಂತ ಹೆಂಡತಿ

ಲಿಫ್ಟ್ ಮೆಕ್ಯಾನಿಕ್ಕನ ಹೆಂಡತಿ ಗಾಳಿಯಲ್ಲಿ ನಿಂತುಬಿಟ್ಟಿದ್ದಳು. ಮೇಲಕ್ಕೂ ಹೋಗುತ್ತಿರಲಿಲ್ಲ, ಕೆಳಕ್ಕೂ ಬರುತ್ತಿರಲಿಲ್ಲ. ಮಹಡಿ ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನೆಲ್ಲ ಸುರಕ್ಷಿತವಾಗಿ ಇಳಿಸಿ ಹೆಸರು ಮಾಡಿದ್ದ ಮಹಾಶಯನಿಗೆ ಸ್ವಂತ ಹೆಂಡತಿಯನ್ನು ಇಳಿಸಲು ಆಗುತ್ತಿಲ್ಲವೆಂದರೆ ಮಾನ ಉಳಿಯುತ್ತದೆಯೇ?

(ಗಾಬರಿಯಾಗಬೇಡಿ. ಆಕೆ ನಿಂತಿದ್ದು ಟೀವಿಯಲ್ಲಿ. ನಿಜವಾದ ಆಕೆ ಸೋಫಾದ ಮೇಲೆ ಕಾಲು ಮಡಚಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.)

ಮದುವೆಗೆ ಮುಂಚೆ ಆಕೆ ಈಜುಕೊಳದ ಅತಿ ಎತ್ತರದ ಹಲಗೆಯಿಂದ ಧುಮುಕುವ ಡೈವರ್ ಆಗಿದ್ದವಳು. ಒಂದು ದಿನ ಭುಜ ಕೈಕೊಟ್ಟಿತು. ಆಮೇಲೆ ಆ ಮೆಟ್ಟಿಲು ಹತ್ತಲಿಲ್ಲ. ಈಗ ಅದೇ ಕೊಳದ ಮೊಣಕಾಲುದ್ದದ ನೀರಿನಲ್ಲಿ ನಿಂತು, ಚಿಕ್ಕ ಮಕ್ಕಳ ಹೊಟ್ಟೆಗೆ ಅಂಗೈ ಕೊಟ್ಟು, ಕಾಲು ಬಡಿಯಲು ಕಲಿಸುತ್ತಿದ್ದಳು. ಮೊನ್ನೆ ಅವಳ ಹಳೆಯ ಗುರುಗಳು ಬೀರು ಖಾಲಿ ಮಾಡುವಾಗ ಅವಳು ಧುಮುಕಿದ್ದರ ಒಂದು ವಿಡಿಯೋ ಟೇಪು ಸಿಕ್ಕಿತ್ತು. ಸ್ಟುಡಿಯೋದವರು ಅದನ್ನು ಉಜ್ಜಿ ತೊಳೆದು ಆನೆ ಗಾತ್ರದ ಫೈಲು ಮಾಡಿಕೊಟ್ಟಿದ್ದರು. ತಾನು ಧುಮುಕುವುದನ್ನು ಆಕೆ ಈ ಜನ್ಮದಲ್ಲಿ ನೋಡಿಯೇ ಇರಲಿಲ್ಲ.

"ಫೋನಿನಲ್ಲಿ ನೋಡಬೇಡ ಕಣೇ, ನಾನು ದೊಡ್ಡದಾಗಿ ತೋರಿಸ್ತೀನಿ," ಎಂದು ಗಂಡ ಘೋಷಿಸಿದ. ಯಾವುದೋ ಆಫೀಸಿನವರು ಎಸೆಯಲು ಇಟ್ಟಿದ್ದ ಕಂಪ್ಯೂಟರನ್ನು ಹೊತ್ತು ತಂದು, ಟೀವಿಗೆ ಜೋಡಿಸಿ, ಅದಕ್ಕೆ 'ಗೃಹ ಚಿತ್ರಮಂದಿರ' ಎಂದು ನಾಮಕರಣವನ್ನೂ ಮಾಡಿದ.

ಭಾನುವಾರ ಮಧ್ಯಾಹ್ನ ಪರದೆ ಎಳೆದು ಮೂವರೂ ಕೂತರು: ಅವನು, ಹೆಂಡತಿ, ಅತ್ತೆ. ಟೀವಿಯಲ್ಲಿ ಎಳೆಯ ಹುಡುಗಿಯೊಬ್ಬಳು ಹಲಗೆಯ ತುದಿಗೆ ನಡೆದುಬಂದು, ಕೈಯೆತ್ತಿ, ಜಿಗಿದಳು. ಅಷ್ಟೇ. ಅಲ್ಲೇ ನಿಂತಳು. ಶಬ್ದ ಮಾತ್ರ ತನ್ನ ಪಾಡಿಗೆ ಮುಂದೆ ಓಡಿತು. ನೀರು ಚಿಮ್ಮಿದ ಸದ್ದಾಯಿತು, ಜನ ಚಪ್ಪಾಳೆ ತಟ್ಟಿದರು. ಹುಡುಗಿ ಇನ್ನೂ ಆಕಾಶದಲ್ಲೇ ಇದ್ದಳು, ಬೆನ್ನು ಬಿಲ್ಲಿನಂತೆ ಬಾಗಿಸಿ, ಇಳಿಯುವ ಯಾವ ಅವಸರವೂ ಇಲ್ಲದೆ. ಆ ನೀಲಿ ಬೆಳಕು ಗೋಡೆಯ ಮೇಲೆ, ಸೋಫಾದ ಮೇಲೆ, ಮೂವರ ಮುಖದ ಮೇಲೆ ಹರಡಿತ್ತು. ಕೋಣೆಗೆ ಕೋಣೆಯೇ ನೀರಿನಲ್ಲಿ ಮುಳುಗಿದಂತಿತ್ತು. ಹೆಂಡತಿಯ ಕೈಯಲ್ಲಿದ್ದ ಕಡಲೆಕಾಯಿ ಕೈಯಲ್ಲೇ ಉಳಿಯಿತು.

"ಎಷ್ಟು ಚೆನ್ನಾಗಿ ನಿಂತಿದಾಳೆ ನೋಡಿ!" ಎಂದರು ಅತ್ತೆ.

"ನಿಂತಿಲ್ಲ ಅತ್ತೆ, ಸಿಕ್ಕಿಹಾಕ್ಕೊಂಡಿದಾಳೆ!" ಅಳಿಯ ಕೈ ಕೈ ಹಿಸುಕಿಕೊಂಡ. "ಡ್ರೈವರ್ ಹಳೇದಾಗಿದೆ."

"ಡೈವರ್ ಹಳಬಳಾದಳು ಅಂತೀರಾ? ನನ್ನ ಮಗಳಿಗೆ ಏನು ಮಹಾ ವಯಸ್ಸಾಗಿದೆ?"

"ಡೈವರ್ ಅಲ್ಲ ಅತ್ತೆ, ಡ್ರೈವರ್! ಕಂಪ್ಯೂಟರಿಗೆ ಚಿತ್ರ ತೋರಿಸೋದು ಹೇಗೆ ಅಂತ ಹೇಳಿಕೊಡೋ ಸಾಫ್ಟ್‌ವೇರ್. ಅದನ್ನ ಬದಲಾಯಿಸ್ಬೇಕು. ಇನ್ನೊಂದು ತೊಂದರೆ ಏನಪ್ಪಾ ಅಂದ್ರೆ, ಇರೋ ಹೊರೆಯನ್ನೆಲ್ಲ ಪ್ರೊಸೆಸರ್ ಒಂದೇ ಹೊರ್ತಾ ಇದೆ. ಗ್ರಾಫಿಕ್ಸ್ ಕಾರ್ಡ್ ಅಂತ ಒಂದಿದೆ, ಅದು ಪಕ್ಕದಲ್ಲಿ ಆರಾಮಾಗಿ ಕೂತಿದೆ."

"ನಮ್ಮನೆ ಹಾಗೇ," ಎಂದಳು ಹೆಂಡತಿ, ಟೀವಿಯಿಂದ ಕಣ್ಣು ತೆಗೆಯದೆ.

ಈ ಮಾತು ನಾಟಿತೋ ಏನೋ, ಆ ಭಾನುವಾರದಿಂದ ಅವನಿಗೆ ಬೇರೆ ಧ್ಯಾನವೇ ಇಲ್ಲ. ಕೆಲಸದಿಂದ ಬಂದವನೇ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಧೂಳು ಕೊಡವುತ್ತಿದ್ದ, ಪ್ಲೇಯರ್ ಬದಲಿಸುತ್ತಿದ್ದ. ಅವನು ಹೀಗೆ ಪರೀಕ್ಷೆ ಮಾಡುತ್ತಿರುವಾಗೆಲ್ಲ ಟೀವಿಯಲ್ಲಿ ಹುಡುಗಿ ಜಿಗಿದು ಜಿಗಿದು ನಿಲ್ಲುತ್ತಿದ್ದಳು. ಹೆಂಡತಿ ಬಟ್ಟೆ ಮಡಚುವ ನೆವದಲ್ಲಿ ಬಂದು ನೋಡುತ್ತಿದ್ದಳು. ಅತ್ತೆಗೆ ನೆವವೂ ಬೇಕಿರಲಿಲ್ಲ.

ಕೊನೆಗೂ ಮುಂದಿನ ಭಾನುವಾರ ಹೊಸ ಡ್ರೈವರ್ ಕೂತು ಎಲ್ಲ ಸರಿಹೋಯಿತು. ಮತ್ತೆ ಪರದೆ ಎಳೆದ. ಮತ್ತೆ ಮೂವರೂ ಕೂತರು. ಹುಡುಗಿ ನಡೆದುಬಂದಳು, ಕೈಯೆತ್ತಿದಳು, ಜಿಗಿದಳು. ಚಳಕ್! ನೀರೊಳಗೆ. ಬೆಣ್ಣೆಯಲ್ಲಿ ಕೂದಲೆಳೆದಷ್ಟು ನಯ. ಅವನು ಹೆಮ್ಮೆಯಿಂದ ಹಿಂದಕ್ಕೆ ತಿರುಗಿದ.

"ಎಲ್ಲಿ?" ಎಂದರು ಅತ್ತೆ. ಕೆಳಗೆ ಬಿದ್ದ ಕಡಲೆಕಾಯಿ ಹೆಕ್ಕಲು ಬಗ್ಗಿದ್ದ ಅವರಿಗೆ ಮಗಳು ಹಾರಿದ್ದೇ ಕಂಡಿರಲಿಲ್ಲ.

"ಅಷ್ಟೇನಾ?" ಎಂದಳು ಹೆಂಡತಿ.

"ಅಷ್ಟೇ ಇದ್ದಿದ್ದು ಕಣೇ. ನಿಜವಾದ ವೇಗ ಇದು."

"ಇಲ್ಲ ರೀ." ಅವಳ ದನಿ ಎಲ್ಲೋ ದೂರದಿಂದ ಬಂದಂತಿತ್ತು. "ಅಲ್ಲಿ ಮೇಲೆ ತುಂಬಾ ಹೊತ್ತು ಇರ್ತಿದ್ದೆ ನಾನು. ಕೆಳಗಿನ ಸದ್ದೆಲ್ಲ ಬೇರೆ ಯಾರಿಗೋ ಅನ್ನೋ ಹಾಗೆ ಕೇಳಿಸ್ತಿತ್ತು. ಹೋದ ವಾರ ನೋಡಿದಾಗ, ಹೌದು ಹೀಗೇ ಇತ್ತು, ನನ್ನ ಭ್ರಮೆ ಅಲ್ಲ ಅಂತ ಖುಷಿಪಟ್ಟೆ. ನೀವು ಇಳಿಸಿಬಿಟ್ರಿ."

ಅವನು ತಟ್ಟನೆ ಎದ್ದ. ಹೋಗಿ ಹೊಸ ಡ್ರೈವರನ್ನು ಕಿತ್ತುಹಾಕಿದ. ಕಂಪ್ಯೂಟರು ಅದನ್ನು ಇಂಟರ್ನೆಟ್ಟಿನಿಂದ ತಾನೇ ವಾಪಸ್ಸು ಕರೆತಂದು ಕೂರಿಸಿಕೊಂಡಿತು. ನಿಧಾನಗತಿಯಲ್ಲಿ ಓಡಿಸಿ ನೋಡಿದ. "ಬೂರುಗದ ಹತ್ತಿ ಬಿದ್ದ ಹಾಗಿದೆ," ಎಂದು ಅತ್ತೆ ತಳ್ಳಿಹಾಕಿದರು. ಬೇರೆ ದಾರಿ ಕಾಣದೆ ಕೀಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಹುಡುಗಿ ಜಿಗಿದು ಬಿಲ್ಲಾದ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದ.

ಹುಡುಗಿ ಗಾಳಿಯಲ್ಲಿ ನಿಂತಳು. ನೀಲಿ ಬೆಳಕು ಮತ್ತೆ ಕೋಣೆ ತುಂಬಿತು. ಹೆಂಡತಿ ನಿಧಾನವಾಗಿ ಹಿಂದಕ್ಕೆ ಒರಗಿದಳು. ಅವಳ ಮುಖ ನೋಡುತ್ತ ಅವನೂ ಒಂದು ಗಳಿಗೆ ಭೂಮಿ ಬಿಟ್ಟು ತೇಲಿದ.

"ಚಪ್ಪಾಳೆ ಎಲ್ಲಿ?" ಎಂದರು ಅತ್ತೆ.

"ಚಿತ್ರ ನಿಲ್ಲಿಸಿದ್ರೆ ಶಬ್ದಾನೂ ನಿಲ್ಲುತ್ತೆ ಅತ್ತೆ."

"ಮೊದಲು ಬರ್ತಿತ್ತಲ್ಲ?"

ಹೆಂಡತಿಯೂ ಅವನ ಕಡೆ ನೋಡಿದಳು. ಅವನು ಕೀಬೋರ್ಡು ಕೆಳಗಿಟ್ಟ. ಗಂಟಲಿನಿಂದ ನೀರು ಚಿಮ್ಮುವ ಸದ್ದು ಹೊರಡಿಸಿ, ಎರಡೂ ಕೈಯಿಂದ ಚಪ್ಪಾಳೆ ತಟ್ಟತೊಡಗಿದ. ಒಬ್ಬನೇ ಒಂದು ಕ್ರೀಡಾಂಗಣದಷ್ಟು.

ಅತ್ತೆ ಕಣ್ಣುಮುಚ್ಚಿ ಕೊಂಚ ಹೊತ್ತು ಆಲಿಸಿದರು. ಆಮೇಲೆ ಮಗಳ ಕಡೆ ಬಾಗಿ, ಅಳಿಯನಿಗೂ ಕೇಳಿಸುವಂತೆ ಪಿಸುಗುಟ್ಟಿದರು:

"ಪರವಾಗಿಲ್ಲ. ಆದ್ರೂ ರಿಪೇರಿಗೆ ಮುಂಚೆ ಕಂಪ್ಯೂಟರ್ ಇವರಿಗಿಂತ ಚೆನ್ನಾಗಿ ಮಾಡ್ತಿತ್ತು."