ದೇಶಕಾಲಕ್ಕೆ ಎರಡು ಮೀಟರ್ ಬಟ್ಟೆ

ಜೋಗೇಶ್ವರಿಯ ಗಣಿತದ ಅಣ್ಣು ಮಾಸ್ತರರು ನಿವೃತ್ತರಾಗಿ ಆರು ವರ್ಷವಾದರೂ ಅವರ ಪಾಠ ನಿವೃತ್ತವಾಗಿರಲಿಲ್ಲ. ಕೇಳಲು ಮನೆಯಲ್ಲಿ ಉಳಿದವರು ಹೆಂಡತಿ ಚಂಪಕ್ಕ ಒಬ್ಬರೇ. ಅವರೂ ರವಿಕೆ ಹೊಲಿಯುವ ಮೆಷಿನ್ನಿನ ಸದ್ದನ್ನು ಅಡ್ಡ ಇಟ್ಟುಕೊಂಡು ಪಾರಾಗುತ್ತಿದ್ದರು. ಹೀಗಿರುವಾಗ ಮಾಟುಂಗದ ಕನ್ನಡ ಸಂಘದ ಕಾರ್ಯದರ್ಶಿ ಪ್ರೀತಮ್, ಭಾನುವಾರ ‘ಬಾಗಿದ ದೇಶಕಾಲ’ದ (ಸ್ಪೇಸ್-ಟೈಮ್) ಬಗ್ಗೆ ಮಾತಾಡಲು ಮಾಸ್ತರರನ್ನು ಕರೆದ. ದೇಶಕಾಲ ಬಾಗಿತೋ ಇಲ್ಲವೋ, ಮಾಸ್ತರರ ಎದೆ ಮಾತ್ರ ಆ ಕ್ಷಣವೇ ಉಬ್ಬಿತು.

ಶನಿವಾರ ಮಧ್ಯಾಹ್ನ ತಾಲೀಮು. ಚಂಪಕ್ಕ ಯಾರದೋ ನೃತ್ಯದ ಉಡುಪಿಗೆಂದು ದಾದರಿನಿಂದ ತಂದಿದ್ದ ಹಿಗ್ಗುವ ಬಟ್ಟೆಯನ್ನು ಮಾಸ್ತರರು (ಕೇಳದೆ) ತೆಗೆದು, ಎರಡು ಮೂಲೆ ಕಿಟಕಿಯ ಸರಳಿಗೆ ಕಟ್ಟಿ, ಇನ್ನೆರಡನ್ನು ಹೆಂಡತಿಯ ಕೈಗೇ ಕೊಟ್ಟರು. ನಡುವೆ ರುಬ್ಬುವ ಗುಂಡುಕಲ್ಲು ಇಟ್ಟರು. ಬಟ್ಟೆ ಜೋತುಬಿತ್ತು. ಉರುಳಿಸಿದ ಗೋಲಿ ಕಲ್ಲನ್ನು ಸುತ್ತುತ್ತಾ ಹತ್ತಿರ ಬಂತು.

“ಕಲ್ಲು ಸೂರ್ಯ, ಗೋಲಿ ಭೂಮಿ. ಸೂರ್ಯನ ಸುತ್ತ ದೇಶಕಾಲ ಬಾಗ್ತದೆ, ಭೂಮಿ ಅದರಲ್ಲಿ ಸುತ್ತುತ್ತದೆ. ಅದೇ ಗುರುತ್ವ. ಗೊತ್ತಾಯ್ತಾ?”

“ಕಲ್ಲು ಬಟ್ಟೆಯನ್ನು ಕೆಳಗೆ ಒತ್ತಿದ್ದು ಯಾಕೆ?”

“ಭಾರಕ್ಕೆ.”

“ಭಾರ ಎಂತದರಿಂದ?”

“ಗುರುತ್ವದಿಂದ,” ಎಂದ ಮೇಲೆ ಮಾಸ್ತರರಿಗೇ ಎಲ್ಲೋ ಎಡವಿದಂತಾಯಿತು.

“ಗುರುತ್ವ ತೋರಿಸ್ಲಿಕ್ಕೆ ಕೆಳಗೆ ಇನ್ನೊಂದು ಗುರುತ್ವ ಬೇಕಾಯ್ತಲ್ಲ ಮಾರಾಯ್ರೆ. ಮತ್ತೆ, ಇದರಲ್ಲಿ ಕಾಲ ಎಲ್ಲಿ ಉಂಟು?”

“ಸಭೆಯಲ್ಲಿ ಇಷ್ಟೆಲ್ಲ ಯಾರೂ ಕೇಳುವುದಿಲ್ಲ. ನೀನು ಬಟ್ಟೆ ಹಿಡ್ಕೊಂಡ್ರೆ ಸಾಕು.”

ಭಾನುವಾರ ಸಭೆಯಲ್ಲಿ ಅದನ್ನೇ ಕೇಳಿದರು. ಹರಿಣಿ ಎಂಬ ಕಾಲೇಜು ಹುಡುಗಿ ಎದ್ದು, “ಸರ್, ಆದ್ರೆ ಆ ಕಲ್ಲು ಕೆಳಗೆ ಯಾಕೆ ಹೋಯ್ತು?” ಅಂದಳು. ಮಾಸ್ತರರು ನೀರು ಕುಡಿದರು. ಮತ್ತೆ ಕುಡಿದರು. ಲೋಟ ಖಾಲಿಯಾಯಿತು, ಪ್ರಶ್ನೆ ಹಾಗೇ ಇತ್ತು.

ಬಟ್ಟೆ ಹಿಡಿದು ಕೈ ಸೋತಿದ್ದ ಚಂಪಕ್ಕ ಮೂಲೆಗಳನ್ನು ಪ್ರೀತಮನಿಗೆ ದಾಟಿಸಿ, ಊಟದ ಸಾಂಬಾರಿಗೆಂದು ಇಟ್ಟಿದ್ದ ಸಿಹಿಕುಂಬಳವನ್ನು ಸಂಘದ ಅಡುಗೆಮನೆಯಿಂದ ಎತ್ತಿ ತಂದರು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಕಾಯಿಯ ನಡುವಿನಿಂದ ಅಕ್ಕಪಕ್ಕ ಎರಡು ಗೆರೆ ನೆಟ್ಟಗೆ ಮೇಲಕ್ಕೆ ಎಳೆದರು.

“ದುಂಡಗಿನ ಮೈಗೆ ಚಪ್ಪಟೆ ಬಟ್ಟೆ ಕೂರಿಸೂದೇ ನನ್ನ ಕೆಲಸ, ಹಾಗಾಗಿ ಹೇಳ್ತಿದ್ದೇನೆ. ನೋಡಿ, ಎರಡೂ ಗೆರೆ ಒಂದೇ ದಿಕ್ಕಿಗೆ ಹೊರಟದ್ದು. ಎಡಕ್ಕೂ ತಿರುಗ್ಲಿಲ್ಲ, ಬಲಕ್ಕೂ ತಿರುಗ್ಲಿಲ್ಲ. ಆದ್ರೂ ತೊಟ್ಟಿನ ಹತ್ರ ಒಟ್ಟಾದವು. ಯಾರೂ ಎಳೀಲಿಲ್ಲ. ಕಾಯಿ ಬಾಗಿದೆ, ಅಷ್ಟೆ. ಕಾಲವನ್ನು ಮಾತ್ರ ಇದರಲ್ಲೂ ತೋರಿಸ್ಲಿಕ್ಕೆ ಆಗೂದಿಲ್ಲ. ಅದಕ್ಕೆ ಇವರ ಗಣಿತವೇ ಬೇಕು.”

ಚಪ್ಪಾಳೆ ಬಹಳ ಹೊತ್ತು ಇತ್ತು. ವಾಪಸು ಬರುವಾಗ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಮಾಸ್ತರರು ತಮಗೆ ತಾವೇ ಸಮಾಧಾನ ಹೇಳಿಕೊಂಡರು: ಎಷ್ಟೆಂದರೂ ಕೊನೆಗೆ ಬೇಕಾದದ್ದು ಗಣಿತವೇ.

ಗುರುವಾರ ಪ್ರೀತಮನ ಫೋನು ಬಂತು.

“ಸರ್, ಮುಂದಿನ ತಿಂಗಳು ಕಪ್ಪು ಕುಳಿಯ ಬಗ್ಗೆ ಕಾರ್ಯಕ್ರಮ ಇಟ್ಟಿದ್ದೇವೆ.”

“ಅದನ್ನೇ ಓದ್ತಾ ಇದ್ದೇನೆ,” ಎಂದರು ಮಾಸ್ತರರು, ಗಂಟಲು ಸರಿಮಾಡಿಕೊಂಡು.

“ಒಳ್ಳೇದಾಯ್ತು ಸರ್. ಚಂಪಕ್ಕನಿಗೂ ಸ್ವಲ್ಪ ಓದಿ ಹೇಳಿ. ಭಾಷಣ ಅವರದ್ದು.”