ಷೂ ಪಳಗಿತು, ಕತ್ತರಿ ಹೋಯಿತು!

ಇಪ್ಪತ್ತಾರು ವರ್ಷಗಳಿಂದ ಜನರ ಮೈ ಅಳೆದವನು ನಾನು. ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವವರು, ಉಸಿರು ಬಿಗಿಹಿಡಿದು ಎದೆ ಉಬ್ಬಿಸುವವರು, ಮುಂದಿನ ತಿಂಗಳು ತೆಳ್ಳಗಾಗುತ್ತೇನೆಂದು ಈ ತಿಂಗಳೇ ಸುಳ್ಳು ಅಳತೆ ಕೊಡುವವರು, ಎಲ್ಲರ ಗುಟ್ಟೂ ನನ್ನ ಟೇಪಿಗೆ ಗೊತ್ತು. ಅಂಥವನಿಗೆ ಒಂದು ಜೊತೆ ಷೂ ಯಾವ ಲೆಕ್ಕ?

"ಏಳೇ ಏಳು ದಿನ! ಯಾರ ಸಹಾಯವೂ ಇಲ್ಲದೆ ಹೊಸ ಷೂ ತಂದು ಪಳಗಿಸದಿದ್ರೆ ನಾನು ದರ್ಜಿಯೇ ಅಲ್ಲ!" ಎಂದು ಮನೆಯಲ್ಲಿ ಘೋಷಿಸಿದೆ. ಘೋಷಿಸುವಾಗ ಒಂಟಿಕಾಲಿನ ಮೇಲೆ ನಿಂತಿದ್ದೆ. ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗಿದರೆ ಜೀವ ಬಾಯಿಗೆ ಬರುತ್ತಿತ್ತು.

ಬಟ್ಟೆ ಕತ್ತರಿಸುವ ಕೆಲಸ ನಿಂತೇ ಮಾಡುವಂಥದ್ದು. ಇಷ್ಟು ವರ್ಷ ತೆಳು ಚಪ್ಪಲಿಯಲ್ಲಿ ಕಲ್ಲಿನ ನೆಲದ ಮೇಲೆ ನಿಂತದ್ದಕ್ಕೆ ಹಿಮ್ಮಡಿ ಮುನಿಸಿಕೊಂಡಿತ್ತು. ಡಾಕ್ಟರು ಒತ್ತಿ ನೋಡಿದರು, ನಾನು ಕೂಗಿದೆ, ಅವರು ತಲೆಯಾಡಿಸಿದರು. ಪಾದಕ್ಕೆ ಆಸರೆ ಕೊಡುವ ಗಟ್ಟಿ ಷೂ ಕೊಳ್ಳಬೇಕು, ಅದರೊಳಗೆ ಪಾದದಡಿಗೆ ಹಾಸಲು ಅವರು ಕೊಟ್ಟ ಇನ್ಸೋಲು ಹಾಕಬೇಕು. ಇಲ್ಲವಾದರೆ ನಿಲ್ಲುವುದನ್ನೇ ಬಿಡಬೇಕು ಎಂದರು. ಇನ್ಸೋಲು ಒಂದು ಪ್ಲಾಸ್ಟಿಕ್ ಕವರಿನಲ್ಲಿತ್ತು. ಕವರಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಏನೇನೋ ಬರೆದಿತ್ತು. ಪುರುಸೊತ್ತಿದ್ದವರು ಬರೆದದ್ದನ್ನು ಪುರುಸೊತ್ತಿದ್ದವರು ಓದಿಕೊಳ್ಳಲಿ ಎಂದು ಕವರು ಹರಿದು ಬಿಸಾಡಿದೆ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. "ರೀ, ದಿನಕ್ಕೆ ಎಂಟು ಗಂಟೆ ವಾರ್ಡಲ್ಲಿ ಓಡಾಡೋಳು ನಾನು. ಷೂ ವಿಷಯ ನನಗೆ ಬಿಡಿ" ಎಂದಳು.

"ಅಳತೆ ವಿಷಯ ನನಗೇ ಹೇಳಿಕೊಡ್ತೀಯಾ?"

"ಹೇಳಿಕೊಡಲ್ಲಪ್ಪ. ಆದರೆ ಒಂದು ಮಾತು. ಬರೋ ಸೋಮವಾರ ಬೆಳಗ್ಗೆಯಿಂದ ಸಂಜೆವರೆಗೆ ನಿಮ್ಮ ಕೈಲಿ ನಿಲ್ಲೋಕಾಗಬೇಕು, ಅದೂ ಯಾರ ಸಹಾಯನೂ ಇಲ್ಲದೆ. ಇಲ್ಲಾಂದ್ರೆ ಕತ್ತರಿ ಮೂರು ತಿಂಗಳು ನನ್ನ ತಮ್ಮನ ಕೈಗೆ. ನೀವು ಕೂತು ಗುಂಡಿ ಹಾಕಿ."

ಆ ಕತ್ತರಿ ಹತ್ತಿಂಚಿನದು. ಕೆಲಸ ಕಲಿಸಿದ ಯಜಮಾನರು ಕಣ್ಣು ಮಂಜಾದ ಮೇಲೆ ನನ್ನ ಕೈಗಿಟ್ಟದ್ದು. ಅದರಿಂದ ಒಮ್ಮೆ ಕಾಗದ ಕತ್ತರಿಸಿದಳೆಂದು ಹೆಂಡತಿಯ ಜೊತೆ ನಾನು ನಾಲ್ಕು ದಿನ ಮಾತು ಬಿಟ್ಟಿದ್ದೆ! ಇನ್ನು ನನ್ನ ಭಾವಮೈದ. ನನ್ನ ಹತ್ತಿರವೇ ಕೆಲಸ ಕಲಿತು, ನನ್ನ ಅಂಗಡಿಯಲ್ಲೇ ಹದಿನೈದು ವರ್ಷದಿಂದ ಮೆಷಿನ್ ತುಳಿಯುತ್ತಿದ್ದಾನೆ. ಕಾಲು ಮೆಷಿನ್ ಮೇಲೆ, ಕಣ್ಣು ಮಾತ್ರ ನನ್ನ ಕತ್ತರಿಯ ಮೇಲೆ. ಸಿಂಹಾಸನದ ಮೇಲೆ ಕಣ್ಣಿಟ್ಟವರನ್ನು ಇತಿಹಾಸದ ಪಾಠದಲ್ಲಿ ಓದಿದ್ದೆ, ದಿನಾ ಎದುರಿಗೇ ನೋಡುವ ಯೋಗ ನನ್ನದು.

"ಆಗಲಿ!" ಎಂದೆ. ಒಂಟಿಕಾಲಲ್ಲೇ.

ಷೂ ಅಂಗಡಿಯ ಹೆಂಗಸು ನನಗೆ ಪಾಠ ಹೇಳಲು ಬಂದಳು. "ಸಂಜೆ ಬಂದಿದ್ದು ಒಳ್ಳೇದಾಯ್ತು ಸರ್, ಸಂಜೆಗೆ ಕಾಲು ಸ್ವಲ್ಪ ಊದಿರುತ್ತೆ. ಎದ್ದು ನಿಂತು ಅಳತೆ ಕೊಡಿ."

"ಗೊತ್ತಮ್ಮಾ. ನನ್ನ ಬಲಗಾಲು ಎಡಗಾಲಿಗಿಂತ ಒಂದು ನೂಲು ಉದ್ದ. ದೊಡ್ಡ ಕಾಲಿಗೆ ಹೊಂದೋ ಷೂ ತೆಗಿ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬಿಡು. ಹಿಮ್ಮಡಿ ಕದಲಬಾರದು."

ಅವಳು ಬಾಯಿ ಮುಚ್ಚಿಕೊಂಡು ಡಬ್ಬಿ ತಂದಳು. ತೊಟ್ಟೆ, ನಡೆದೆ. ಆಹಾ! ನಾನೇ ಹೊಲಿದಂತಿತ್ತು. ಜಂಬದಿಂದ ಮನೆಗೆ ತಂದು, ಷೂ ಒಳಗಿದ್ದ, ಕೋಟಿನ ಒಳಬಟ್ಟೆಯಂಥ ಮೆತ್ತನೆಯ ಅಸ್ತರಿನ ಮೇಲೆ ಡಾಕ್ಟರ ಇನ್ಸೋಲನ್ನು ಸುಕ್ಕಿಲ್ಲದಂತೆ ಹಾಸಿ, ಲೇಸು ಬಿಗಿದು ಎದ್ದು ನಿಂತೆ. ಅಂಗಡಿಯಲ್ಲಿ ಹೂವಿನಂತಿದ್ದ ಷೂ ಮನೆಯಲ್ಲಿ ಇಕ್ಕಳವಾಗಿತ್ತು! ಮುಂದೆ ಬೆರಳುಗಳು ಮೇಲಕ್ಕೊತ್ತಿ ಅಪ್ಪಚ್ಚಿ. ಹಿಂದೆ ಹಿಮ್ಮಡಿ ಹೆಜ್ಜೆಗೊಮ್ಮೆ ಹೊರಗೆ ಇಣುಕಿ ನೋಡಿ ಒಳಗೆ ಹೋಗುತ್ತಿತ್ತು.

"ಏನಾದ್ರೂ ತೊಂದ್ರೆನಾ?" ಎಂದಳು ಇವಳು.

"ಹೊಸ ಷೂ. ಪಳಗಬೇಕು ಅಷ್ಟೆ."

"ಮೊದಲ ದಿನ ಮನೆಯೊಳಗೆ ಅರ್ಧ ಗಂಟೆ..."

"ಸಹಾಯ ಬೇಡ ಅಂದೆನಲ್ಲ!"

ಮರುದಿನ ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ತೊಟ್ಟೆ. ಷೂ ಪಳಗಲಿಲ್ಲ, ನಾನು ಪಳಗಿದೆ. ಎರಡೂ ಹಿಮ್ಮಡಿಯಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡ ಬೊಬ್ಬೆ. ಆದರೆ ಸೋಲೊಪ್ಪುವ ಜಾಯಮಾನ ನನ್ನದಲ್ಲ. ಬಿಗಿಯಾದ ಉಣ್ಣೆ ಬಟ್ಟೆಯನ್ನು ದರ್ಜಿ ಏನು ಮಾಡುತ್ತಾನೆ? ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹಾಕಿ ಹಿಗ್ಗಿಸುತ್ತಾನೆ. ಹಾಕಿದೆ. ಬಲಷೂ ಮೂತಿಯಿಂದ ಹೊಗೆ ಬಂತು, ಅಂಟು ಕರಗಿದ ವಾಸನೆ ಅಂಗಡಿಯಲ್ಲೆಲ್ಲ ತುಂಬಿತು. ಪ್ಯಾಂಟ್ ಅಳತೆಗೆ ಬಂದಿದ್ದ ಗಿರಾಕಿ ಅರ್ಧ ಅಳತೆ ಕೊಟ್ಟು ಓಡಿಹೋದರು. ಇವತ್ತಿಗೂ ನನ್ನಲ್ಲಿ ಅವರ ಸೊಂಟ ಇದೆ, ಕಾಲಿಲ್ಲ!

ಆಮೇಲೆ ಯಾರೋ ಹೇಳಿದ್ದು ನೆನಪಾಯಿತು: ಷೂ ಒಳಗೆ ನೀರು ತುಂಬಿದ ಚೀಲ ಇಟ್ಟು ಫ್ರೀಜರಿಗೆ ಹಾಕಿದರೆ, ನೀರು ಹೆಪ್ಪುಗಟ್ಟಿ ಉಬ್ಬಿ, ಷೂ ಹಿಗ್ಗುತ್ತದಂತೆ. ಎಂಥ ವಿಜ್ಞಾನ! ಸಂಜೆ ಗುಟ್ಟಾಗಿ ಇಟ್ಟೆ. ಬೆಳಗ್ಗೆ ಅಡುಗೆಮನೆಯಿಂದ ಹೆಂಡತಿಯ ತಣ್ಣನೆಯ ದನಿ ಕೇಳಿಸಿತು. ನರ್ಸುಗಳು ಯಾವುದಕ್ಕೂ ಕಿರುಚುವುದಿಲ್ಲ.

"ರೀ, ಫ್ರೀಜರಲ್ಲಿ ಇದು ಯಾರ ಕಾಲು?"

ಚೀಲ ಒಡೆದು, ಷೂಗಳು ಅಲ್ಲಿದ್ದ ಬಟಾಣಿಯ ಸಮೇತ ಫ್ರೀಜರಿನ ತಳಕ್ಕೆ ಅಂಟಿಕೊಂಡಿದ್ದವು. ಸಟ್ಟುಗ ಹಾಕಿ ಮೀಟಿದೆ. ಬಿಸಿನೀರು ಹೊಯ್ದೆ. ಕೊನೆಗೆ ಷೂ ಬಂತು, ಒಳಗೆ ಬಟಾಣಿಯೂ ಬಂತು. ಒಣಗಿಸಿ ತೊಟ್ಟರೂ ಒಂದೊಂದೇ ಕಾಳು ಉದುರುತ್ತಿತ್ತು. ಆ ದಿನ ನಾನೆಲ್ಲೆಲ್ಲಿ ಓಡಾಡಿದೆನೆಂಬುದಕ್ಕೆ ಅಂಗಡಿಯ ನೆಲದ ಮೇಲೆ ಹಸಿರು ದಾಖಲೆಯಿತ್ತು.

"ಭಾವ, ಇದೇನು ಬಿತ್ತನೆ?" ಎಂದ ಭಾವಮೈದ, ಮೆಷಿನ್ ನಿಲ್ಲಿಸಿ.

"ನಿನ್ನ ಕೆಲಸ ನೋಡು!"

ಮುಂದಿನ ಬಿಗಿತ ಹಾಗೇ ಇತ್ತು. ಅದನ್ನಾದರೂ ಸಹಿಸಬಹುದು, ಹಿಂದಿನ ಜಾರುವಿಕೆ ಆಗದು. ಸಡಿಲವಾದ ಕಡೆ ಒತ್ತು ಕೊಡಬೇಕು, ಇದು ನನ್ನ ವಿದ್ಯೆಯ ಮೂಲಪಾಠ. ಒತ್ತಿಗೆ ಏನಿದೆ? ಸುತ್ತ ನೋಡಿದೆ. ಹ್ಯಾಂಗರಿನಲ್ಲಿ ವಕೀಲರ ಹೊಸ ಕರಿಕೋಟು ತೂಗುತ್ತಿತ್ತು. ಅದರ ಹೆಗಲಲ್ಲಿ ಎಂಥ ಮೆತ್ತನೆಯ, ಎಂಥ ದಪ್ಪನೆಯ ಪ್ಯಾಡು! ವಕೀಲರು ಬರುವುದು ಮಂಗಳವಾರ. ಅಷ್ಟರಲ್ಲಿ ಬೇರೆ ಪ್ಯಾಡು ತಂದು ಹಾಕಿದರಾಯಿತು. ಎಡಹೆಗಲಿನ ಹೊಲಿಗೆ ಬಿಚ್ಚಿ, ಪ್ಯಾಡನ್ನು ಎರಡು ತುಂಡು ಮಾಡಿ, ಎರಡೂ ಹಿಮ್ಮಡಿಯ ಹಿಂದೆ ತುರುಕಿದೆ. ಬಿಚ್ಚಿದ ಹೊಲಿಗೆಗೆ ನಾಲ್ಕು ಟಾಕು ಹಾಕಿದೆ. ಹತ್ತು ನಿಮಿಷ ಸ್ವರ್ಗ!

ಹನ್ನೊಂದನೇ ನಿಮಿಷಕ್ಕೆ ವಕೀಲರು ಬಂದರು. ಮಂಗಳವಾರಕ್ಕಲ್ಲ, ಶನಿವಾರಕ್ಕೇ!

ಕೋಟು ತೊಟ್ಟು ಕನ್ನಡಿ ಮುಂದೆ ನಿಂತರು. ಬಲಹೆಗಲು ಗೋಪುರ. ಎಡಹೆಗಲು ಕುಸಿದ ಗೋಡೆ.

"ಏನ್ರೀ ಇದು, ನನ್ನ ಎಡಭುಜ ಎಲ್ಲಿ ಹೋಯ್ತು?"

"ಸರ್, ಆ ಕಡೆ ಫೈಲು ಹಿಡಿದೂ ಹಿಡಿದೂ ನಿಮ್ಮ ಭುಜಾನೇ ಸ್ವಲ್ಪ ಇಳಿದಿದೆ."

"ಫೈಲು ಹಿಡಿಯೋದು ನನ್ನ ಗುಮಾಸ್ತ!"

ದೂರದಿಂದ ಪರೀಕ್ಷಿಸುವವನಂತೆ ನಾನು ಗಂಭೀರವಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಹೆಜ್ಜೆಗೊಂದಿಂಚು ಪ್ಯಾಡು ಮೇಲಕ್ಕೆ ಹತ್ತುತ್ತಿರುವುದು ನನಗೇನು ಗೊತ್ತು? ವಕೀಲರ ಕಣ್ಣು ಕನ್ನಡಿಯಿಂದ ಇಳಿದು ನನ್ನ ಕಾಲಿನ ಮೇಲೆ ನಿಂತಿತು.

"ನಿಮ್ಮ ಷೂ ಹಿಂದೆ ಅದೇನು ಬಾಲ?"

ನಾನು ಬಗ್ಗುವುದರೊಳಗೆ ಅವರೇ ಬಗ್ಗಿ ಎಳೆದರು. ಕರಿಬಟ್ಟೆ ಹೊದಿಸಿದ ಅರ್ಧ ಪ್ಯಾಡು. ತಮ್ಮ ಕೋಟಿನ ಬಟ್ಟೆಗೆ ತಾಳೆ ಹಾಕಿ ನೋಡಿದರು. ಅವರ ವೃತ್ತಿಯಲ್ಲಿ ಇಷ್ಟು ಸುಲಭವಾಗಿ ಸಾಕ್ಷ್ಯ ಸಿಕ್ಕಿದ್ದು ಅದೇ ಮೊದಲಿರಬೇಕು.

"ನನ್ನ ಭುಜ ನಿಮ್ಮ ಹಿಮ್ಮಡೀಲಿ ಏನ್ಮಾಡ್ತಿದೆ ಅಂತ ಸ್ವಲ್ಪ ಹೇಳ್ತೀರಾ?"

ಮೆಷಿನ್ ಹಿಂದಿನಿಂದ ಕಿಸಕ್ಕೆಂದ ಸದ್ದು. ಭಾವಮೈದ ಎದ್ದು ಬಂದು, "ಕೂತ್ಕೊಳ್ಳಿ ಸರ್, ಹೊಸ ಪ್ಯಾಡು ಹಾಕಿ ಅರ್ಧ ಗಂಟೇಲಿ ಕೊಡ್ತೀನಿ" ಎಂದು ಕೋಟು ಬಿಚ್ಚಿಸಿಕೊಂಡ. ಹೇಳಿದಂತೆ ಕೊಟ್ಟ. ಅದು ನನಗೆ ಇನ್ನೂ ಉರಿಯಿತು.

ಸಂಜೆ ಮನೆಗೆ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತೆ. ಆಗ ತಾನೇ ಡ್ಯೂಟಿ ಮುಗಿಸಿ ಬಂದ ಹೆಂಡತಿ ನನ್ನ ಮುಖ ನೋಡಿದಳು, ಬೊಬ್ಬೆ ನೋಡಿದಳು, ಷೂ ಎತ್ತಿಕೊಂಡು ಒಳಗೆ ಕೈ ಹಾಕಿದಳು. ಡಾಕ್ಟರ ಇನ್ಸೋಲು ಹೊರಗೆ ಬಂತು. ಮತ್ತೆ ಕೈ ಹಾಕಿದಳು. ಷೂವಿನ ಜೊತೆಗೇ ಬಂದಿದ್ದ ಇನ್ನೊಂದನ್ನು ಸರಕ್ಕೆಂದು ಕಿತ್ತಳು.

"ಅಯ್ಯಯ್ಯೋ! ಅಸ್ತರು ಯಾಕೆ ಕೀಳ್ತೀಯೇ?"

"ಅಸ್ತರಲ್ಲಾರೀ, ಇದೂ ಇನ್ಸೋಲೇ! ಹಳೇದನ್ನ ತೆಗೆದು ಹೊಸದು ಹಾಕ್ಬೇಕು. ಎರಡೂ ಇದ್ರೆ ಕಾಲು ಮೇಲೇಳುತ್ತೆ. ಮುಂದೆ ಬೆರಳು ಒತ್ತುತ್ತೆ, ಹಿಂದೆ ಹಿಮ್ಮಡಿ ಜಾರುತ್ತೆ. ಕವರಿನ ಮೇಲೇ ಬರೆದಿರ್ತಾರಲ್ಲ!"

"ಇಪ್ಪತ್ತಾರು ವರ್ಷದಲ್ಲಿ ಒಂದು ಅಸ್ತರು ಕಿತ್ತವನಲ್ಲ ನಾನು. ಅಸ್ತರು ಕಿತ್ತ ಉಡುಪಿಗೆ ಏನು ಮರ್ಯಾದೆ?"

"ಇದು ಉಡುಪಲ್ಲ, ಷೂ. ಹಾಕ್ಕೊಳ್ಳಿ."

ಹಾಕಿಕೊಂಡೆ. ಅದೇ ಅಂಗಡಿಯ ಹೂವು! ಹಿಮ್ಮಡಿ ಕದಲಲಿಲ್ಲ, ಬೆರಳುಗಳು ಆರಾಮಾಗಿ ಕೈಕಾಲು ಚಾಚಿಕೊಂಡವು. "ನೋಡು, ಅಳತೆ ಸರಿಯಾಗೇ ತಗೊಂಡಿದ್ದೆ!" ಎಂದು ಎದೆ ತಟ್ಟಿಕೊಂಡೆ.

"ಹೌದು. ಸಹಾಯನೂ ಸರಿಯಾಗೇ ತಗೊಂಡ್ರಿ. ಕತ್ತರಿ ಕೊಡಿ."

ಸೋಮವಾರ. ದಿನವಿಡೀ ನಿಲ್ಲಬಲ್ಲ ಗಂಡಸು ಸ್ಟೂಲಿನ ಮೇಲೆ ಕೂತು ಗುಂಡಿ ಹಾಕುತ್ತಿದ್ದೆ. ಕಟಿಂಗ್ ಟೇಬಲ್ಲಿನ ಮುಂದೆ ಭಾವಮೈದ, ಅವನ ಕೈಯಲ್ಲಿ ನನ್ನ ಕತ್ತರಿ. ಅದರ ಕಿರ್ರ್ ಸದ್ದು ಕೇಳಿದಾಗಲೆಲ್ಲ ನನ್ನ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಟ್ಟೆ ಉರಿಯಿತು. ಆಗ ಕಣ್ಣಿಗೆ ಬಿತ್ತು: ಅವನ ಕಾಲಲ್ಲೂ ನನ್ನಂಥದ್ದೇ ಹೊಸ ಷೂ! ಸಣ್ಣಗೆ ಕುಂಟುತ್ತಿದ್ದಾನೆ!

"ಭಾವ, ನಿಲ್ಲೋ ಕೆಲಸ ಅಂತ ನಾನೂ ಷೂ, ಇನ್ಸೋಲು ಎಲ್ಲಾ ತಗೊಂಡೆ. ಮುಂದೆ ಬಿಗಿ, ಹಿಂದೆ ಜಾರುತ್ತೆ. ಏನ್ಮಾಡ್ಲಿ?"

ಅಂಗಡಿಯಲ್ಲಿ ಯಾವುದೋ ದಿವ್ಯವಾದ್ಯ ಮೊಳಗಿದಂತಾಯಿತು. ಇವನು ನಿಲ್ಲಲಾರದೆ ಹೋದರೆ ಕತ್ತರಿ ಯಾರಿಗೆ?

"ಹೊಸದ್ರಲ್ಲಿ ಹಾಗೇ ಕಣಪ್ಪ. ಪಳಗುತ್ತೆ" ಎಂದೆ.

ಮಂಗಳವಾರ ಇನ್ನೂ ಜೋರಾಗಿ ಕುಂಟಿದ. "ಫ್ರೀಜರಲ್ಲಿ ಇಟ್ಟು ನೋಡಪ್ಪ" ಎಂದೆ, ತಂದೆಯ ವಾತ್ಸಲ್ಯದಿಂದ. ಬುಧವಾರ ಟೇಬಲ್ ಹಿಡಿದುಕೊಂಡೇ ನಡೆದ.

"ಭಾವ, ಒಳಗಿರೋ ಅಸ್ತರು ತೆಗೆದು ನೋಡ್ಲಾ?"

"ಛೀ ಛೀ! ದರ್ಜಿಯಾಗಿ ಅಸ್ತರಿಗೆ ಕೈ ಹಾಕ್ತೀಯಾ? ನಾನು ಕಲಿಸಿದ್ದು ಇದೇನಾ?"

"ಸರಿ ಭಾವ. ನೀವು ಹೇಳಿದ್ಮೇಲೆ ಮುಗೀತು."

ಗುರುವಾರಕ್ಕೆ ಕತ್ತರಿ ನನ್ನದು ಎಂದು ಮನಸ್ಸಿನಲ್ಲೇ ಪಟ್ಟಾಭಿಷೇಕದ ಮುಹೂರ್ತ ಇಟ್ಟುಕೊಂಡೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಹೆಂಡತಿ ಬಂದಳು. ಭಾವಮೈದ ಕತ್ತರಿ ಕೆಳಗಿಟ್ಟ. ಅಂಗಡಿಯ ಆ ತುದಿಯಿಂದ ಈ ತುದಿಗೆ ಸರಸರನೆ ನಡೆದ. ಕುಂಟು ಎಲ್ಲಿ? ಮಾಯ!

"ಅಕ್ಕ, ಮೂರು ದಿನ ಆಯ್ತು. ಬಾಯಿ ಬಿಡ್ಲಿಲ್ಲ. ಜೊತೆಗೆ ಫ್ರೀಜರೂ ಹೇಳಿಕೊಟ್ರು!" ಎಂದು ಷೂ ಕಳಚಿ ತೋರಿಸಿದ. ಒಳಗೆ ಒಂದೇ ಇನ್ಸೋಲು. "ನಾನು ಕವರು ಓದಿದ್ದೆ ಭಾವ."

ವಿಷಯ ಇಷ್ಟು. ಭಾನುವಾರವೇ ಅಕ್ಕ ತಮ್ಮನಿಗೆ ನನ್ನ ಅಸ್ತರಿನ ಕಥೆ ಹೇಳಿದ್ದಾಳೆ. ಇಬ್ಬರೂ ಪಂದ್ಯ ಕಟ್ಟಿದ್ದಾರೆ. ಭಾವ ಮೂರು ದಿನವಾದರೂ ಗುಟ್ಟು ಬಿಡುವುದಿಲ್ಲ ಎಂದು ಅವನು. ಸೋತವರು ಒಂದು ತಿಂಗಳು ಪ್ರತಿ ಭಾನುವಾರ ಗೆದ್ದವರ ಮನೆಮಂದಿಗೆಲ್ಲ ಊಟ ಹಾಕಬೇಕು.

"ನೀನೇನು ಹೇಳಿದ್ದೆ?" ಎಂದೆ ಹೆಂಡತಿಗೆ, ಗುಂಡಿ ನೋಡುತ್ತಾ.

"ಕುಂಟೋದು ನೋಡಿದ ತಕ್ಷಣ, ಮೊದಲನೇ ದಿನವೇ ನೀವು ಹೇಳಿಬಿಡ್ತೀರಿ ಅಂದಿದ್ದೆ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಪ್ರತಿ ಭಾನುವಾರ ಭಾವಮೈದ, ಅವನ ಹೆಂಡತಿ, ಇಬ್ಬರು ಮಕ್ಕಳು, ನಮ್ಮ ಅತ್ತೆ, ಐದೂ ಜನ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ನನ್ನನ್ನು ನಂಬಿ ಸೋತವಳು ಅಡುಗೆ ಮಾಡುತ್ತಾಳೆ. ಪಾತ್ರೆಗಳ ಗುಡ್ಡದ ಮುಂದೆ ನಾನು ನಿಲ್ಲುತ್ತೇನೆ. ಎರಡು ಗಂಟೆ, ನಿಂತಲ್ಲೇ ನಿಂತು ತೊಳೆಯುತ್ತೇನೆ.

ಹಿಮ್ಮಡಿ ಒಂಚೂರೂ ನೋಯುವುದಿಲ್ಲ!